ನಿಂತ ಲಾರಿಯ ಲೆಕ್ಕ

ಮಂಗಳೂರು ಬಂದರಿನಲ್ಲಿ ಸರಕು ಹೇರಿಕೊಂಡ ಲಾರಿ ಸಂಜೆ ಹೊರಟರೆ ಶಿರಾಡಿ ಘಾಟಿ ಹತ್ತಿ, ಸಕಲೇಶಪುರ, ಹಾಸನ ದಾಟಿ ಬೆಳಗಿನ ಹೊತ್ತಿಗೆ ನೆಲಮಂಗಲದಲ್ಲಿರುತ್ತದೆ. ಮುನ್ನೂರು ಚಿಲ್ಲರೆ ಕಿಲೋಮೀಟರು, ಹತ್ತು ಹನ್ನೆರಡು ಗಂಟೆಯ ದಾರಿ. ಅಲ್ಲಿಂದಾಚೆಗೆ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಹಗಲಿನಲ್ಲಿ ಬೆಂಗಳೂರಿನ ಹೆಚ್ಚಿನ ರಸ್ತೆಗಳಿಗೆ ಭಾರಿ ವಾಹನ ಬರುವಂತಿಲ್ಲ. ಚಾಲಕ ಗಾಡಿಯನ್ನು ಬದಿಗೆ ಹಾಕಿ, ಡಾಬಾದಲ್ಲಿ ತಿಂದು, ಕ್ಯಾಬಿನ್ನಿನಲ್ಲೇ ಮಲಗುತ್ತಾನೆ. ರಾತ್ರಿ ಗೋಡೌನಿನ ಗೇಟಿಗೆ ಹೋದರೆ ಇವನಿಗಿಂತ ಮುಂದೆ ಆರು ಲಾರಿ. ಹಮಾಲರು ಬಂದು, ಎಣಿಸಿ ಇಳಿಸಿ, ಎಲ್‌ಆರ್ (ಲಾರಿ ರಸೀದಿ) ಕಾಗದಕ್ಕೆ ಸಹಿ ಬೀಳುವಷ್ಟರಲ್ಲಿ ಇನ್ನೊಂದು ಬೆಳಗು. ಆಮೇಲೆ ವಾಪಸು ಲೋಡು ಸಿಗಬೇಕು. ಸಿಗದಿದ್ದರೆ ಮತ್ತೆ ಕಾಯಬೇಕು, ಇಲ್ಲವೇ ಖಾಲಿ ಗಾಡಿ ಓಡಿಸಬೇಕು.

ಲಾರಿ ಆಫೀಸಿನವರು ಇದನ್ನು ಹಾಲ್ಟಿಂಗ್ ಎನ್ನುತ್ತಾರೆ. ಒಪ್ಪಂದದಲ್ಲಿ ಹಾಲ್ಟಿಂಗ್ ಚಾರ್ಜ್ ಎಂದು ಒಂದು ಸಾಲು ಇರುತ್ತದೆ, ಬಿಲ್ಲು ಕೊಡುವಾಗ ಅದರ ಬಗ್ಗೆ ಒಂದು ಜಗಳ ಇರುತ್ತದೆ, ಕೊನೆಗೆ ಸಿಕ್ಕಿದಷ್ಟು ಸಿಗುತ್ತದೆ. ಗಾಡಿ ಓಡಲಿ ನಿಲ್ಲಲಿ ಬ್ಯಾಂಕಿನ ಕಂತು, ವಿಮೆ, ಚಾಲಕನ ಬಾಟಾ ನಿಲ್ಲುವುದಿಲ್ಲ. ಒಳಗಿರುವ ಸರಕಿನ ಮೇಲೆ ಹಾಕಿದ ಹಣದ ಬಡ್ಡಿಯೂ ನಿಲ್ಲುವುದಿಲ್ಲ.

ಸಾಗಣೆ ವೆಚ್ಚ ಎಂದಾಗ ನಮ್ಮ ಮನಸ್ಸಿಗೆ ಬರುವುದು ಡೀಸೆಲ್ಲು, ಟೋಲು, ಕಿಲೋಮೀಟರು. ವ್ಯಾಪಾರಿಗಳಿಗೂ ಹಾಗೆಯೇ: ಯಾವ ಟ್ರಾನ್ಸ್‌ಪೋರ್ಟಿನವನು ಟನ್ನಿಗೆ ಎಷ್ಟು ಕೇಳುತ್ತಾನೆ ಎಂಬುದರ ಮೇಲೇ ಚೌಕಾಸಿ. ಆದರೆ ಈ ಕ್ಷೇತ್ರದ ನೂರು ವರ್ಷಗಳ ಗಣಿತವನ್ನು ತಿರುವಿ ನೋಡಿದರೆ ಕಾಣುವ ಚಿತ್ರ ಬೇರೆ. ದುಡ್ಡು ಸೋರುವುದು ಹೆಚ್ಚಾಗಿ ಸರಕು ನಿಂತಿರುವಾಗ. ಯಾವಾಗ ಬರುತ್ತದೆ, ಎಷ್ಟು ಬೇಕಾಗುತ್ತದೆ ಎಂದು ಯಾರಿಗೂ ಖಾತ್ರಿಯಿಲ್ಲದಿರುವುದರಿಂದಲೇ ಅದು ಅಷ್ಟು ಹೊತ್ತು ನಿಲ್ಲುತ್ತದೆ.

ಈ ಮಾತಿಗೆ ನಾನು ಬಲ್ಲ ಅತ್ಯುತ್ತಮ ಸಾಕ್ಷಿ ಒಂದು ಹಡಗಿನದು. 1954ರಲ್ಲಿ ವಾರಿಯರ್ ಎಂಬ ಸಾಧಾರಣ ಸರಕು ಹಡಗು ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಜರ್ಮನಿಯ ಬ್ರೆಮರ್‌ಹಾವೆನ್‌ಗೆ ಹೋಯಿತು. ಅಮೆರಿಕ ಸರ್ಕಾರದ ನೆರವಿನಿಂದ ಸಂಶೋಧಕರು ಈ ಒಂದೇ ಯಾನದ ಪ್ರತಿ ಕಾಸನ್ನೂ ಪ್ರತಿ ಗಂಟೆಯನ್ನೂ ಬರೆದಿಟ್ಟರು. ಹಡಗಿನಲ್ಲಿದ್ದ ಸರಕು 5,015 ಟನ್ನು. ಅದು ಎಷ್ಟು ತುಂಡುಗಳಾಗಿತ್ತು ಗೊತ್ತೆ? 1,94,582. ಪೆಟ್ಟಿಗೆ, ಚೀಲ, ಡ್ರಮ್ಮು, ಟಪಾಲು, ಯಂತ್ರದ ಬಿಡಿಭಾಗ, ಸೈನಿಕರ ಮನೆಸಾಮಾನು, ಜೊತೆಗೆ 53 ವಾಹನ. 151 ಊರುಗಳಿಂದ 1,156 ಕಂತುಗಳಲ್ಲಿ ಬಂದು ಸೇರಿದ ಸಾಮಾನು. ಪ್ರತಿಯೊಂದನ್ನೂ ಮನುಷ್ಯನ ಕೈ ಎತ್ತಿ, ಇಟ್ಟು, ಮತ್ತೆ ಎತ್ತಿತ್ತು. ಅವು ಅಲುಗದಂತೆ ಕಟ್ಟಲು ಬಳಸಿದ ಮರ ಮತ್ತು ಹಗ್ಗಕ್ಕೇ ಐದು ಸಾವಿರ ಡಾಲರು ಮೀರಿತ್ತು.

ಅಟ್ಲಾಂಟಿಕ್ ಮಹಾಸಾಗರವನ್ನು ಹಡಗು ಹತ್ತೂವರೆ ದಿನದಲ್ಲಿ ದಾಟಿತು. ಮೊದಲ ಕಂತು ಮಾತ್ರ ಹಡಗು ಹೊರಡುವುದಕ್ಕೆ ಒಂದು ತಿಂಗಳಿಗೂ ಮೊದಲೇ ಬಂದು ಬ್ರೂಕ್ಲಿನ್ ಧಕ್ಕೆಯಲ್ಲಿ ಕೂತಿತ್ತು. ಕೊನೆಯ ಕಂತು ಕೈಸೇರಿದ್ದು ಹಡಗು ಜರ್ಮನಿ ಮುಟ್ಟಿ 33 ದಿನಗಳಾದ ಮೇಲೆ. ಮೊದಲ ಸಾಮಾನು ತನ್ನ ಊರು ಬಿಟ್ಟ ದಿನದಿಂದ ಎಣಿಸಿದರೆ 95 ದಿನ. ಒಟ್ಟು ಖರ್ಚು 2,37,577 ಡಾಲರು. ಅದರಲ್ಲಿ ಸಮುದ್ರ ದಾಟಿದ ಪಾಲು ಶೇ. 11.5 ಮಾತ್ರ. ಎರಡು ತುದಿಯ ಬಂದರುಗಳಲ್ಲಿ ಎತ್ತಿ ಇಳಿಸಿದ್ದಕ್ಕೆ ಸುಮಾರು ಶೇ. 37. ಸಾಗರ ಅಗ್ಗ, ದಡ ದುಬಾರಿ.

ಈ ವರದಿ ಪ್ರಕಟವಾಗುವ ಕಾಲಕ್ಕೆ ಉತ್ತರವೂ ತಯಾರಾಗುತ್ತಿತ್ತು. ಮಾಲ್ಕಮ್ ಮೆಕ್ಲೀನ್ ಹಡಗಿನವನಲ್ಲ, ಉತ್ತರ ಕ್ಯಾರೊಲಿನಾದ ಲಾರಿ ಮಾಲೀಕ. 1937ರಲ್ಲಿ ಹತ್ತಿ ಅಂಡಿಗೆ ಹೇರಿದ ತನ್ನ ಲಾರಿ ಬಂದರಿನ ಸಾಲಿನಲ್ಲಿ ಇಡೀ ದಿನ ಕಾದು ನಿಂತಾಗ ಈ ಯೋಚನೆ ಹೊಳೆಯಿತು ಎಂದು ಮುಪ್ಪಿನಲ್ಲಿ ಹೇಳಿಕೊಂಡ. ಇತಿಹಾಸಕಾರರಿಗೆ ಈ ಕಥೆಯ ಮೇಲೆ ಅಷ್ಟು ನಂಬಿಕೆಯಿಲ್ಲ. ನನಗೂ ಇಲ್ಲ, ಹೊಳೆದ ಗಳಿಗೆಗಳೆಲ್ಲ ಆಮೇಲೆ ಕಟ್ಟಿದವು. ಆದರೆ ಅವನು ಮಾಡಿದ್ದು ನಿಜ. ಸಾಮಾನನ್ನು ಇಳಿಸುವ ಬದಲು ಲಾರಿಯ ಪೆಟ್ಟಿಗೆಯನ್ನೇ ಕಳಚಿ ಹಡಗಿನ ಮೇಲಿಡುವುದು. 1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಎಂಬ ಹಳೆಯ ತೈಲದ ಹಡಗು 58 ಪೆಟ್ಟಿಗೆ ಹೊತ್ತು ನ್ಯೂಜೆರ್ಸಿಯ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಬಿಡಿ ಸರಕನ್ನು ಹಡಗಿಗೆ ಹೇರಲು ಆಗ ಟನ್ನಿಗೆ 5.83 ಡಾಲರು ತಗಲುತ್ತಿತ್ತು. ಪೆಟ್ಟಿಗೆಯಲ್ಲಿ ಅದು 16 ಸೆಂಟಿಗೂ ಕಡಿಮೆಗೆ ಇಳಿಯಿತು. ಮೆಕ್ಲೀನ್ ವೇಗದ ಹಡಗು ಕಟ್ಟಲಿಲ್ಲ, ಹೊಸ ಎಂಜಿನ್ ಕಂಡುಹಿಡಿಯಲಿಲ್ಲ. ಧಕ್ಕೆಯಲ್ಲಿ ನಿಲ್ಲುವ ಕಾಲವನ್ನು ಕತ್ತರಿಸಿದ, ಅಷ್ಟೆ. ಆ ಕತ್ತರಿಗೆ ಲಕ್ಷಾಂತರ ಬಂದರು ಕೂಲಿಗಳ ಕೆಲಸವೂ ಸಿಕ್ಕಿತು ಎಂಬುದನ್ನು ಮರೆಯಬಾರದು. ಇಂದು ಬೆಂಗಳೂರಿನ ವೈಟ್‌ಫೀಲ್ಡ್‌ನ ಒಣ ನೆಲದ ಮೇಲೆ ಒಂದು ಕಂಟೇನರ್ ಡಿಪೊ ಇದೆ. ಕಸ್ಟಮ್ಸ್ ಕೆಲಸ ಅಲ್ಲೇ ಮುಗಿದು, ಮೊಹರು ಬಿದ್ದ ಪೆಟ್ಟಿಗೆ ರೈಲು ಹತ್ತಿ ಚೆನ್ನೈಗೆ ಹೋಗುತ್ತದೆ. ಸಮುದ್ರದಿಂದ ಮುನ್ನೂರು ಕಿಲೋಮೀಟರು ದೂರದ ಊರಿಗೂ ಒಂದು ಬಂದರು ಬಂದದ್ದು ಆ ಪೆಟ್ಟಿಗೆಯಿಂದ.

ದಾರಿಯಲ್ಲಿ ನಿಲ್ಲುವ ಸರಕಿನ ಮಾತಾಯಿತು. ಇನ್ನು ಅಂಗಡಿಯಲ್ಲಿ ನಿಲ್ಲುವ ಸರಕಿಗೆ, ಒಂದು ಅಕ್ಕಿ ಅಂಗಡಿಗೆ ಬರೋಣ.

ಒಂದು ಅಂಗಡಿಯಲ್ಲಿ ವರ್ಷಕ್ಕೆ 1,200 ಚೀಲ ಅಕ್ಕಿ ಮಾರಾಟವಾಗುತ್ತದೆ ಎಂದುಕೊಳ್ಳಿ. ಮಂಡಿಯಿಂದ ಒಂದು ಸಲ ತರಲು ಟೆಂಪೊ ಬಾಡಿಗೆ, ಹಮಾಲಿ, ಮಾಲೀಕನ ಅರ್ಧ ದಿನ ಎಲ್ಲ ಸೇರಿ 600 ರೂಪಾಯಿ. ಒಂದು ಚೀಲಕ್ಕೆ 1,200 ರೂಪಾಯಿ ಬೆಲೆ. ಅದನ್ನು ವರ್ಷವಿಡೀ ಇಟ್ಟುಕೊಂಡರೆ ಬಡ್ಡಿ, ಜಾಗದ ಬಾಡಿಗೆ, ಹುಳ, ಇಲಿ ಎಲ್ಲ ಕೂಡಿ ಶೇ. 12, ಅಂದರೆ 144 ರೂಪಾಯಿ. ಒಂದೇ ಸಲ ತುಂಬ ತಂದರೆ ಟೆಂಪೊ ಖರ್ಚು ಉಳಿಯುತ್ತದೆ, ಇಲಿಗೆ ಹಬ್ಬ. ಸ್ವಲ್ಪ ಸ್ವಲ್ಪ ತಂದರೆ ಇಲಿಗೆ ಉಪವಾಸ, ಟೆಂಪೊದವನಿಗೆ ಹಬ್ಬ. ಹಾಗಾದರೆ ಒಂದು ಸಲಕ್ಕೆ ಎಷ್ಟು ತರಬೇಕು?

ಈ ಪ್ರಶ್ನೆಗೆ ಉತ್ತರ ಬಂದದ್ದು 1913ರಲ್ಲಿ. ಬರೆದವನು ಫೋರ್ಡ್ ಹ್ಯಾರಿಸ್, ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರು. ಹೈಸ್ಕೂಲಿನಾಚೆ ಓದಿದವನಲ್ಲ, ಮುಂದೆ ಎಂಜಿನಿಯರ್ ಕೆಲಸವನ್ನೂ ಬಿಟ್ಟು ಪೇಟೆಂಟ್ ವಕೀಲನಾದ. ಕಾರ್ಖಾನೆ ನಡೆಸುವವರ ಮಾಸಿಕವೊಂದರಲ್ಲಿ ಬಂದ ಅವನ ಪುಟ್ಟ ಲೇಖನ ಕಳೆದೇ ಹೋಯಿತು, ಸೂತ್ರ ಬೇರೆಯವರ ಹೆಸರಿನಲ್ಲಿ ಓಡಾಡಿತು, ಮೂಲ ಲೇಖನ ಮತ್ತೆ ಬೆಳಕಿಗೆ ಬಂದದ್ದು 1980ರ ದಶಕದ ಕೊನೆಯಲ್ಲಿ. ಸೂತ್ರ ಇಷ್ಟೆ: ವರ್ಷದ ಮಾರಾಟವನ್ನು ಒಂದು ಸಲ ತರುವ ಖರ್ಚಿನಿಂದ ಗುಣಿಸಿ, ಎರಡರಷ್ಟು ಮಾಡಿ, ಒಂದು ಚೀಲ ವರ್ಷವಿಡೀ ಇಡುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ನಮ್ಮ ಅಂಗಡಿಗೆ ಬರುವ ಉತ್ತರ 100 ಚೀಲ. ತಿಂಗಳಿಗೊಂದು ಸಲ. ಟೆಂಪೊಗೆ ವರ್ಷಕ್ಕೆ 7,200, ಇಟ್ಟುಕೊಳ್ಳಲು 7,200, ಒಟ್ಟು 14,400.

ಮಾಲೀಕ ಸೂತ್ರ ಮರೆತು 150 ಚೀಲ ತರಿಸಿದ ಎನ್ನಿ. ಖರ್ಚು 15,600ಕ್ಕೆ ಏರುತ್ತದೆ. ಅಂದಾಜಿನಲ್ಲಿ ಅರ್ಧದಷ್ಟು ತಪ್ಪಿದರೂ ದಂಡ ಶೇ. 8ರಷ್ಟೇ. ಖರ್ಚಿನ ಗೆರೆ ಎಳೆದರೆ ಕಾಣುವ ಕಣಿವೆಯ ತಳ ಚಪ್ಪಟೆ. ನಮ್ಮ ಹಳೆಯ ಮಂಡಿ ವರ್ತಕರು ಸೂತ್ರ ಕಲಿಯದೆಯೂ ಹಾಳಾಗದೆ ಬದುಕಿದ್ದಕ್ಕೆ ಇದೂ ಒಂದು ಕಾರಣ.

ಆ ವರ್ಗಮೂಲದೊಳಗೆ ಇನ್ನೊಂದು ಸಂಗತಿ ಅಡಗಿದೆ, ಅದು ಅಷ್ಟು ಸಿಹಿಯಲ್ಲ. ನಾಲ್ಕು ಪಟ್ಟು ದೊಡ್ಡ ಅಂಗಡಿ, ವರ್ಷಕ್ಕೆ 4,800 ಚೀಲ, ತರಿಸಬೇಕಾದದ್ದು 400 ಅಲ್ಲ, 200. ಅದರ ಒಟ್ಟು ಖರ್ಚು 28,800. ಚೀಲಕ್ಕೆ ಹಂಚಿ ನೋಡಿ: ಸಣ್ಣ ಅಂಗಡಿಗೆ 12 ರೂಪಾಯಿ, ದೊಡ್ಡದಕ್ಕೆ 6. ಸೂಪರ್‌ ಮಾರ್ಕೆಟ್ಟು ಬೀದಿ ಅಂಗಡಿಗಿಂತ ಅಗ್ಗಕ್ಕೆ ಕೊಡಲು ಮಾಲೀಕನ ಜಾಣತನವೇ ಬೇಕಿಲ್ಲ, ವರ್ಗಮೂಲ ಸಾಕು. ನಾಲ್ಕು ಸಣ್ಣ ಅಂಗಡಿಯವರು ಒಂದೇ ಟೆಂಪೊದಲ್ಲಿ ಸೇರಿ ತರಿಸಿದರೆ ಅದೇ ಲಾಭ ಅವರಿಗೂ ಸಿಗುತ್ತದೆ. ಸಿಗುವುದಿಲ್ಲವೆಂದರೆ ತಡೆ ಗಣಿತದ್ದಲ್ಲ, ನಂಬಿಕೆಯದು.

ಹ್ಯಾರಿಸ್ ಒಂದು ಸಂಖ್ಯೆಯನ್ನು ಪ್ರಶ್ನಿಸದೆ ಒಪ್ಪಿಕೊಂಡ: ಒಂದು ಸಲ ತರಿಸುವ, ಅಥವಾ ಕಾರ್ಖಾನೆಯಲ್ಲಾದರೆ ಯಂತ್ರವನ್ನು ಒಂದು ಸಲ ಅಣಿಗೊಳಿಸುವ ಖರ್ಚು. ಜಪಾನಿನ ಟೊಯೋಟಾ ಕೈಹಾಕಿದ್ದು ಅದಕ್ಕೇ. ಕಾರಿನ ತಗಡು ಒತ್ತುವ ಸಾವಿರ ಟನ್ನಿನ ಪ್ರೆಸ್ಸಿಗೆ ಅಚ್ಚು ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. 1970ರ ಆಸುಪಾಸಿನಲ್ಲಿ ಶಿಗಿಯೊ ಶಿಂಗೊ ಎಂಬ ಎಂಜಿನಿಯರು ಮೊದಲು ಅದನ್ನು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ಮ್ಯಾಜಿಕ್ ಏನಿಲ್ಲ: ಯಂತ್ರ ನಿಲ್ಲಿಸಿದ ಮೇಲೆ ಸ್ಪ್ಯಾನರು ಹುಡುಕುವುದನ್ನು ಬಿಟ್ಟು, ಅದು ಓಡುತ್ತಿರುವಾಗಲೇ ಮುಂದಿನ ಅಚ್ಚನ್ನು ಪಕ್ಕದಲ್ಲಿ ತಯಾರಿಟ್ಟುಕೊಳ್ಳುವುದು. ಅಣಿಗೊಳಿಸುವ ಕಾಲ ಎಂಬತ್ತರಲ್ಲಿ ಒಂದು ಪಾಲಾದರೆ, ವರ್ಗಮೂಲದ ಪ್ರಕಾರ ಒಂದು ಸಲಕ್ಕೆ ತಯಾರಿಸುವ ರಾಶಿ ಸುಮಾರು ಒಂಬತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಗೋದಾಮು ಖಾಲಿಯಾಗುತ್ತದೆ. ಟೊಯೋಟಾದ ಹೆಸರಾಂತ ‘ಬೇಕಾದಾಗ ಬೇಕಾದಷ್ಟು’ ಪದ್ಧತಿ ಹ್ಯಾರಿಸನ ಸೂತ್ರಕ್ಕೆ ವಿರುದ್ಧ ಎಂದು ಹೇಳುವವರಿದ್ದಾರೆ. ನನ್ನ ಕಣ್ಣಿಗೆ ಅದು ಅದೇ ಸೂತ್ರವನ್ನು ಇನ್ನೊಂದು ತುದಿಯಿಂದ ಹಿಡಿದದ್ದು.

ಇಲ್ಲಿಯವರೆಗಿನ ಅಕ್ಕಿ ಅಂಗಡಿ ಸ್ವರ್ಗದಲ್ಲಿತ್ತು. ದಿನವೂ ಅಷ್ಟೇ ಗಿರಾಕಿ, ಕರೆದ ಗಳಿಗೆಗೆ ಟೆಂಪೊ. ಭೂಮಿಗೆ ಇಳಿಸಿದರೆ ಜುಲೈ ತಿಂಗಳು, ಶಿರಾಡಿಯಲ್ಲಿ ಗುಡ್ಡ ಕುಸಿದಿದೆ, ಲಾರಿಗಳು ಚಾರ್ಮಾಡಿಗೋ ಸಂಪಾಜೆಗೋ ತಿರುಗಿಕೊಂಡಿವೆ, ಅಲ್ಲಿ ಭಾರಿ ವಾಹನಕ್ಕೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಇಂಥ ದಿನಗಳಿಗೆಂದು ವ್ಯಾಪಾರಿ ಸ್ವಲ್ಪ ಹೆಚ್ಚು ಸ್ಟಾಕು ಇಟ್ಟಿರುತ್ತಾನೆ. ಆಪತ್ತಿನ ದಾಸ್ತಾನು. ಎಷ್ಟು?

ಒಬ್ಬ ವ್ಯಾಪಾರಿ ದಿನಕ್ಕೆ ಸರಾಸರಿ 100 ಡಬ್ಬಿ ಎಣ್ಣೆ ಮಾರುತ್ತಾನೆ. ಕೆಲವು ದಿನ 80, ಕೆಲವು ದಿನ 120. ಈ ಏರುಪೇರಿನ ಅಳತೆ, ಸಂಖ್ಯಾಶಾಸ್ತ್ರದ ಪುಸ್ತಕ ಮಾನಕ ವಿಚಲನೆ ಎನ್ನುವುದು, 20 ಎಂದಿರಲಿ. ಆರ್ಡರ್ ಕೊಟ್ಟರೆ ಲಾರಿ ಸರಿಯಾಗಿ ನಾಲ್ಕನೇ ದಿನ ಬರುತ್ತದೆ. ನಾಲ್ಕು ದಿನದ ಏರುಪೇರು 80 ಅಲ್ಲ. ಒಂದು ದಿನ ಹೆಚ್ಚಾದದ್ದು ಇನ್ನೊಂದು ದಿನ ಕಡಿಮೆಯಾಗಿ ಸರಿದೂಗುವುದರಿಂದ ಅದು 20ರ ನಾಲ್ಕು ಪಟ್ಟಾಗದೆ ನಾಲ್ಕರ ವರ್ಗಮೂಲದಷ್ಟು ಪಟ್ಟಾಗುತ್ತದೆ, ಅಂದರೆ 40. ನೂರರಲ್ಲಿ ತೊಂಬತ್ತೈದು ಸಲ ಸ್ಟಾಕು ಮುಗಿಯಬಾರದು ಎಂದರೆ ಇದರ 1.65 ಪಟ್ಟು ಇಡಬೇಕು: 66 ಡಬ್ಬಿ.

ಈಗ ಅದೇ ಲಾರಿ ಸರಾಸರಿ ನಾಲ್ಕೇ ದಿನದಲ್ಲಿ ಬರುತ್ತದೆ, ಆದರೆ ಒಮ್ಮೆ ಮೂರು, ಒಮ್ಮೆ ಐದು, ಅಪರೂಪಕ್ಕೆ ಆರು. ಬರುವ ದಿನದ ಏರುಪೇರು ಒಂದು ದಿನ ಎನ್ನೋಣ. ಒಂದು ದಿನ ಎಂದರೆ 100 ಡಬ್ಬಿ. ಎರಡು ಏರುಪೇರುಗಳು ಕೂಡುವುದು ಪೈಥಾಗೊರಸನ ಲಂಬಕೋನ ತ್ರಿಭುಜದ ಹಾಗೆ: ಒಂದು ಬಾಹು 40, ಇನ್ನೊಂದು 100, ವಿಕರ್ಣ ಸುಮಾರು 108. ಇಡಬೇಕಾದ ಸ್ಟಾಕು 178 ಡಬ್ಬಿ. ಮಾರಾಟ ಅದೇ, ಸರಾಸರಿ ಅದೇ, ಬಾಡಿಗೆ ಅದೇ. ಸ್ಟಾಕು ಮಾತ್ರ ಎರಡೂವರೆ ಪಟ್ಟು ಮೀರಿತು.

ಆಗ ಇನ್ನೊಬ್ಬ ಟ್ರಾನ್ಸ್‌ಪೋರ್ಟಿನವನು ಬಂದು, ನಾನು ಎರಡೇ ದಿನದಲ್ಲಿ ತಲುಪಿಸುತ್ತೇನೆ ಎನ್ನುತ್ತಾನೆ. ಅವನ ಮಾತಿನಲ್ಲೂ ಒಂದು ದಿನದ ಹೆಚ್ಚುಕಡಿಮೆ ಇದ್ದೇ ಇದೆ. ಲೆಕ್ಕ ಹಾಕಿ: ಒಂದು ಬಾಹು 28, ಇನ್ನೊಂದು ಮತ್ತೆ 100. ವಿಕರ್ಣ 104, ಸ್ಟಾಕು 171. ವೇಗ ದುಪ್ಪಟ್ಟಾಯಿತು, ಉಳಿದದ್ದು ಏಳು ಡಬ್ಬಿ. ನಾಲ್ಕು ದಿನ ಎಂದು ಹೇಳಿ ನಾಲ್ಕನೇ ದಿನವೇ ಬರುವ ನಿಧಾನದ ಲಾರಿ ಇವನಿಗಿಂತ ಎಷ್ಟೋ ಮೇಲು. ತ್ರಿಭುಜದ ದೊಡ್ಡ ಬಾಹುವನ್ನು ಕತ್ತರಿಸದೆ ಸಣ್ಣದನ್ನು ಎಷ್ಟು ಕತ್ತರಿಸಿದರೂ ವಿಕರ್ಣ ಅಲ್ಲಾಡುವುದಿಲ್ಲ. ಇಡೀ ಬರಹದಲ್ಲಿ ಒಂದೇ ಚಿತ್ರ ನೆನಪಿಟ್ಟುಕೊಳ್ಳುವುದಾದರೆ ಈ ತ್ರಿಭುಜವನ್ನು ಇಟ್ಟುಕೊಳ್ಳಿ. ಕಂಪನಿಗಳಲ್ಲಿ ಎಡವಟ್ಟಾಗುವುದೂ ಇಲ್ಲೇ. ಬಾಡಿಗೆ ಇಳಿಸಿದ ಮ್ಯಾನೇಜರನಿಗೆ ಶಭಾಸ್‌ಗಿರಿ ಸಿಗುತ್ತದೆ, ಆ ಅಗ್ಗದ ಲಾರಿಯ ಕಾರಣಕ್ಕೆ ತುಂಬಿದ ಗೋಡೌನಿನ ಖರ್ಚು ಇನ್ನೊಂದು ವಿಭಾಗದ ಪುಸ್ತಕದಲ್ಲಿ ಬೀಳುತ್ತದೆ.

ದೂರ ಹೆಚ್ಚಾದಾಗಲೂ ಖರ್ಚು ಬರೀ ಬಾಡಿಗೆಯದಲ್ಲ. ಕರ್ನಾಟಕದ ಕಾಫಿಯ ದೊಡ್ಡ ಪಾಲು ಯುರೋಪಿಗೆ ಹೋಗುತ್ತದೆ, ಇಟಲಿ ಅದರ ದೊಡ್ಡ ಗಿರಾಕಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಹಡಗು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾ ಖಂಡವನ್ನೇ ಸುತ್ತತೊಡಗಿದವು. ದಿನಕ್ಕೊಂದು ಕಂಟೇನರ್ ಕಳಿಸುವ ರಫ್ತುದಾರನಿಗೆ ಯಾನ 30 ದಿನದ್ದಾದರೆ ಯಾವಾಗಲೂ 30 ಕಂಟೇನರ್ ಹಣ ನೀರಿನ ಮೇಲಿರುತ್ತದೆ; ಎರಡು ವಾರ ಹೆಚ್ಚಾದರೆ 44. ಹಡಗಿನ ಬಾಡಿಗೆ ಏರಿದ್ದು ಪತ್ರಿಕೆಯಲ್ಲಿ ಬಂತು. ನೀರಿನ ಮೇಲೆ ತೇಲುತ್ತಿದ್ದ ಆ ಹದಿನಾಲ್ಕು ಹೆಚ್ಚುವರಿ ಕಂಟೇನರುಗಳ ಬಡ್ಡಿ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಕಾಣಿಸಿತು.

ಆ ತ್ರಿಭುಜಕ್ಕೆ ಒಳ್ಳೆಯ ಮುಖವೂ ಒಂದಿದೆ. 25 ರಾಜ್ಯಗಳಲ್ಲಿ 25 ಗೋದಾಮು, ಒಂದೊಂದರಲ್ಲೂ ಆಪತ್ತಿಗೆಂದು 100 ಪೆಟ್ಟಿಗೆ, ಒಟ್ಟು 2,500. ಅವನ್ನೆಲ್ಲ ಒಂದೇ ಕಡೆ ಕೂಡಿಸಿದರೆ ಬೇಕಾಗುವುದು 500 ಮಾತ್ರ, ಏಕೆಂದರೆ ಒಂದು ರಾಜ್ಯದ ಏರು ಇನ್ನೊಂದರ ಇಳಿಯಿಂದ ಸರಿದೂಗುತ್ತದೆ. ದೀಪಾವಳಿಯಂತೆ ಎಲ್ಲರೂ ಒಂದೇ ಸಲ ಕೊಳ್ಳುವ ದಿನಗಳಲ್ಲಿ ಈ ಲಾಭ ಕರಗುತ್ತದೆ, ಕೊನೆಯ ಗಿರಾಕಿಗೆ ದೂರವೂ ಹೆಚ್ಚುತ್ತದೆ. ಆದ್ದರಿಂದ ನಿಜ ಜೀವನದಲ್ಲಿ ಒಂದರ ಬದಲು ನಾಲ್ಕೋ ಐದೋ ದೊಡ್ಡ ಗೋದಾಮು. ಭಾರತದ ಕಂಪನಿಗಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. 2017ರವರೆಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದರೆ ಕೇಂದ್ರ ಮಾರಾಟ ತೆರಿಗೆ ಶೇ. 2 ಬೀಳುತ್ತಿತ್ತು. ತನ್ನದೇ ಡಿಪೊಗೆ ಕಳಿಸಿ ಅಲ್ಲಿಂದ ಮಾರಿದರೆ ಬೀಳುತ್ತಿರಲಿಲ್ಲ. ಹಾಗಾಗಿ ರಾಜ್ಯಕ್ಕೊಂದು ಡಿಪೊ. ಗೋದಾಮು ಎಲ್ಲಿರಬೇಕು ಎಂದು ತೀರ್ಮಾನಿಸಿದ್ದು ರಸ್ತೆಯಲ್ಲ, ಗಿರಾಕಿಯಲ್ಲ, ಲೆಕ್ಕ ಪರಿಶೋಧಕ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಕೆಲವೇ ದಿನಗಳಲ್ಲಿ 22 ರಾಜ್ಯಗಳು ಗಡಿಯ ಚೆಕ್‌ಪೋಸ್ಟುಗಳನ್ನು ಎತ್ತಿದವು. ಮರುವರ್ಷದ ಏಪ್ರಿಲ್ 1ರಿಂದ ಸರಕಿನ ಜೊತೆಗಿರಬೇಕಾದ ಆನ್‌ಲೈನ್ ಪತ್ರ, ಇ-ವೇ ಬಿಲ್. ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕ. ಜಿಎಸ್‌ಟಿಯ ಬಗ್ಗೆ ಸಣ್ಣ ವ್ಯಾಪಾರಿಗಳ ತಕರಾರು ಬೇಕಾದಷ್ಟಿವೆ, ಅವುಗಳಲ್ಲಿ ಹಲವು ನ್ಯಾಯವಾದವೇ. ಆದರೆ ಗೋದಾಮುಗಳ ಗಣಿತಕ್ಕೆ ಅದು ಬಿಡುಗಡೆ.

ಅನಿಶ್ಚಿತತೆ ಬರೀ ಮಳೆಯಿಂದಲೋ ಯುದ್ಧದಿಂದಲೋ ಬಂದಿದ್ದರೆ ಸಹಿಸಿಕೊಳ್ಳಬಹುದಿತ್ತು. ಬಹಳಷ್ಟನ್ನು ನಾವೇ ತಯಾರಿಸುತ್ತೇವೆ. ತಿಂಗಳ ಇಪ್ಪತ್ತೆಂಟಕ್ಕೆ ಯಾವುದೇ ಪ್ರಾವಿಷನ್ ಸ್ಟೋರಿನ ಮುಂದೆ ನಿಂತು ನೋಡಿ.

“ಅಣ್ಣಾ, ಇನ್ನೊಂದು ಐದು ಬಾಕ್ಸ್ ಹಾಕ್ಕೊಳ್ಳಿ. ಹತ್ತಕ್ಕೆ ಒಂದು ಫ್ರೀ. ನಾಳಿದ್ದಿಗೆ ಸ್ಕೀಮ್ ಮುಗಿಯುತ್ತೆ.”

“ಹೋದ ತಿಂಗಳದ್ದೇ ಮೇಲಿಟ್ಟಿದ್ದೀನಪ್ಪ.”

“ಟಾರ್ಗೆಟ್ ಅಣ್ಣಾ, ನಿಮ್ಮನ್ನ ಬಿಟ್ರೆ ನನಗ್ಯಾರು?”

ಅಂಗಡಿಯವನು ಐದು ಹಾಕಿಸಿಕೊಳ್ಳುತ್ತಾನೆ. ಮುಂದಿನ ಹದಿನೈದು ದಿನ ಒಂದೂ ಕೇಳುವುದಿಲ್ಲ. ಡಿಸ್ಟ್ರಿಬ್ಯೂಟರನ ಪುಸ್ತಕದಲ್ಲಿ ಮಾರಾಟ ತಿಂಗಳ ಕೊನೆಗೆ ಗುಡ್ಡ, ಮೊದಲಿಗೆ ಹಳ್ಳ. ಅವನು ಗುಡ್ಡ ನೋಡಿ ಕಂಪನಿಗೆ ಇನ್ನೂ ದೊಡ್ಡ ಆರ್ಡರ್ ಕೊಡುತ್ತಾನೆ, ಹಳ್ಳ ನೋಡಿ ಆರ್ಡರನ್ನೇ ನಿಲ್ಲಿಸುತ್ತಾನೆ. ಕಾರ್ಖಾನೆ ಒಂದು ವಾರ ಓವರ್‌ಟೈಮ್, ಇನ್ನೊಂದು ವಾರ ಖಾಲಿ. ಮನೆಗಳಲ್ಲಿ ಸೋಪು ತೇಯುವ ವೇಗ ಮಾತ್ರ ಒಂದೇ. ಚಾಟಿಯ ಹಿಡಿಯನ್ನು ಸ್ವಲ್ಪ ಅಲುಗಿಸಿದರೆ ತುದಿ ಮಾರುದ್ದ ಹೊಡೆಯುವ ಹಾಗೆ. ವಿದ್ವಾಂಸರು ಇದನ್ನು ಬುಲ್‌ವಿಪ್ ಪರಿಣಾಮ ಎನ್ನುತ್ತಾರೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ಇದನ್ನು ಕಂಡದ್ದು ಮಕ್ಕಳ ಡೈಪರುಗಳಲ್ಲಿ. ಸ್ಕೀಮು ಇದೆಯೆಂದು ಯಾವ ಮಗುವೂ ದಿನಕ್ಕೆರಡು ಸಲ ಹೆಚ್ಚು ಒದ್ದೆ ಮಾಡುವುದಿಲ್ಲ. ಆದರೂ ಕಂಪನಿಗೆ ಬರುವ ಆರ್ಡರು ಸಮುದ್ರದ ಅಲೆಯಂತಿತ್ತು. ಅಲ್ಲಿಂದ ಅದರ ಕಚ್ಚಾಮಾಲು ಪೂರೈಸುವವರಿಗೆ ಹೋಗುವ ಆರ್ಡರಿನ ಅಲೆ ಇನ್ನೂ ಎತ್ತರ.

ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕ ಜೇ ಫಾರೆಸ್ಟರ್ ಬಳಗದವರು 1960ರ ದಶಕದಿಂದ ಇದನ್ನು ಆಟವಾಗಿ ಆಡಿಸುತ್ತ ಬಂದಿದ್ದಾರೆ. ನಾಲ್ವರು ಆಟಗಾರರು: ಅಂಗಡಿ, ಸಗಟು ವ್ಯಾಪಾರಿ, ವಿತರಕ, ಬಿಯರ್ ಕಾರ್ಖಾನೆ. ಗಿರಾಕಿ ವಾರಕ್ಕೆ ನಾಲ್ಕು ಪೆಟ್ಟಿಗೆ ಕೇಳುತ್ತಿದ್ದವನು ಐದನೇ ವಾರದಿಂದ ಎಂಟು ಕೇಳುತ್ತಾನೆ, ಕೊನೆಯವರೆಗೂ ಎಂಟೇ. ಅಷ್ಟಕ್ಕೇ ಕಾರ್ಖಾನೆ ತಲುಪುವ ಆರ್ಡರು ಹುಚ್ಚು ಹಿಡಿದಂತೆ ಏರಿ ಸೊನ್ನೆಗೆ ಬೀಳುತ್ತದೆ. ಆಟ ಮುಗಿದ ಮೇಲೆ ಗಿರಾಕಿಯ ಬೇಡಿಕೆ ಹೇಗಿತ್ತು, ಚಿತ್ರ ಬರೆಯಿರಿ ಎಂದರೆ ಹೆಚ್ಚಿನವರು ಏರಿಳಿಯುವ ಅಲೆಯನ್ನೇ ಬರೆಯುತ್ತಾರೆ. ಮ್ಯಾನೇಜರುಗಳೂ ಹಾಗೆಯೇ ಆಡುತ್ತಾರೆ, ವಿದ್ಯಾರ್ಥಿಗಳೂ ಹಾಗೆಯೇ. ಔಷಧ ಗೊತ್ತಿರುವುದೇ: ಅಂಗಡಿಯ ಕೌಂಟರಿನಲ್ಲಿ ನಿಜಕ್ಕೂ ಏನು ಮಾರಾಟವಾಯಿತು ಎಂಬ ಸಂಖ್ಯೆ ಸರಪಳಿಯ ಕೊನೆಯವನವರೆಗೂ ಕಾಣಿಸಬೇಕು, ಸ್ಕೀಮುಗಳ ಹುಚ್ಚು ಇಳಿಯಬೇಕು. ಎರಡನೆಯದನ್ನು ಮಾಡಲು ಯಾವ ಸೇಲ್ಸ್ ವಿಭಾಗವೂ ಒಪ್ಪಿದ್ದನ್ನು ನಾನು ಕೇಳಿಲ್ಲ.

ಹಾಗಾದರೆ ಸ್ಟಾಕು ಎಂಬುದೇ ಪಾಪವೇ? ಟೊಯೋಟಾವನ್ನು ನೋಡಿ ಹಾಗೆ ನಂಬಿದವರು ಬಹಳ. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಕಾರ್ಖಾನೆ ಸುಟ್ಟುಹೋಯಿತು. ಅಲ್ಲಿ ತಯಾರಾಗುತ್ತಿದ್ದದ್ದು ಬ್ರೇಕಿಗೆ ಬೇಕಾದ, ಅಂಗೈಯಲ್ಲಿ ಹಿಡಿಸುವ ಒಂದು ವಾಲ್ವು. ಟೊಯೋಟಾಕ್ಕೆ ಅದು ಹೆಚ್ಚುಕಡಿಮೆ ಪೂರ್ತಿ ಬರುತ್ತಿದ್ದದ್ದು ಅಲ್ಲಿಂದಲೇ. ಟೊಯೋಟಾದ ಬಳಿ ಇದ್ದದ್ದು ಕೆಲವು ಗಂಟೆಗಳಿಗೆ ಸಾಲುವಷ್ಟು. ಕೆಲವೇ ದಿನಗಳಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಗಳು ಒಂದೊಂದಾಗಿ ನಿಂತವು. ಆಮೇಲೆ ನಡೆದದ್ದು ವಿಶೇಷ. ನಕ್ಷೆಗಳನ್ನು ಹಂಚಲಾಯಿತು, ಸುಮಾರು 200 ಕಂಪನಿಗಳು ಕೈ ಹಾಕಿದವು, ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿ ಕೂಡ ಬ್ರೇಕ್ ವಾಲ್ವು ಕಡೆಯಿತು. ಒಂದು ವಾರದೊಳಗೆ ಕಾರುಗಳು ಮತ್ತೆ ಉರುಳತೊಡಗಿದವು. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಕಟ್ಟಿದಾಗ ಬಿಡಿಭಾಗ ತಯಾರಕರಿಗೂ ಪಕ್ಕದಲ್ಲೇ ಜಾಗ ಮಾಡಿಕೊಟ್ಟದ್ದರ ಹಿಂದಿರುವುದು ಇದೇ ತರ್ಕ: ಸ್ಟಾಕು ಇಟ್ಟುಕೊಳ್ಳದವನಿಗೆ ನೆರೆಹೊರೆ ಬೇಕು.

2011ರಲ್ಲಿ ಜಪಾನಿಗೆ ಬಡಿದ ಸುನಾಮಿ ಇನ್ನೊಂದು ಪಾಠ ಕಲಿಸಿತು. ಕೆಲವು ಭಾಗಗಳನ್ನು, ಮುಖ್ಯವಾಗಿ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು, ನೆರೆಯವರು ರಾತ್ರೋರಾತ್ರಿ ಮಾಡಿಕೊಡಲಾರರು. ಸ್ಟಾಕನ್ನೇ ದ್ವೇಷಿಸುತ್ತಿದ್ದ ಟೊಯೋಟಾ, ಎರಡರಿಂದ ಆರು ತಿಂಗಳ ಚಿಪ್ಪು ಇಟ್ಟುಕೊಳ್ಳುವಂತೆ ತನ್ನ ಪೂರೈಕೆದಾರರಿಗೆ ಹೇಳಿತು. 2020ರ ಲಾಕ್‌ಡೌನ್‌ನಲ್ಲಿ ಬೇರೆ ಕಾರು ಕಂಪನಿಗಳು ಚಿಪ್ಪಿನ ಆರ್ಡರುಗಳನ್ನು ರದ್ದು ಮಾಡಿದವು. ಆ ಜಾಗವನ್ನು ಲ್ಯಾಪ್‌ಟಾಪು, ಫೋನಿನವರು ಹಿಡಿದುಕೊಂಡರು. 2021ರಲ್ಲಿ ಜಗತ್ತಿನಾದ್ಯಂತ ಕಾರು ಬುಕ್ ಮಾಡಿದವರು ತಿಂಗಳುಗಟ್ಟಲೆ ಕಾದಾಗ ಟೊಯೋಟಾ ಮೊದಲ ಅರ್ಧ ವರ್ಷ ಹೇಗೋ ತಡೆದುಕೊಂಡಿತು. ಆಗಸ್ಟ್ ಹೊತ್ತಿಗೆ ಅದೂ ಸೋತು ಮುಂದಿನ ತಿಂಗಳ ಉತ್ಪಾದನೆಯನ್ನು ಶೇ. 40ರಷ್ಟು ಕಡಿತಗೊಳಿಸಬೇಕಾಯಿತು. ಯಾವ ವಸ್ತು ಗಂಟೆಗಳಲ್ಲಿ ಸಿಗುತ್ತದೆ, ಯಾವುದಕ್ಕೆ ಆರು ತಿಂಗಳು ಬೇಕು ಎಂದು ಬಿಡಿಬಿಡಿಯಾಗಿ ನೋಡದೆ ಎಲ್ಲದಕ್ಕೂ ಒಂದೇ ನಿಯಮ ಹಾಕುವುದು ಸೋಮಾರಿತನ.

ಇಷ್ಟೆಲ್ಲ ಗಣಿತವಿದ್ದರೂ ನಮ್ಮ ದೇಶದಲ್ಲಿ ಸಾಗಣೆಗೆ ಎಷ್ಟು ಖರ್ಚಾಗುತ್ತದೆ ಎಂಬ ಸರಳ ಪ್ರಶ್ನೆಗೆ ಬಹಳ ಕಾಲ ಉತ್ತರವೇ ಇರಲಿಲ್ಲ. ಜಿಡಿಪಿಯ ಶೇ. 13ರಿಂದ 14 ಎಂಬ ಸಂಖ್ಯೆ ವರ್ಷಾನುಗಟ್ಟಲೆ ಭಾಷಣದಿಂದ ಭಾಷಣಕ್ಕೆ, ವರದಿಯಿಂದ ವರದಿಗೆ ದಾಟುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಬಂದಾಗಲೂ ಅದೇ ಸಂಖ್ಯೆ. ಕೊನೆಗೆ ಎನ್‌ಸಿಎಇಆರ್ ಎಂಬ ಆರ್ಥಿಕ ಸಂಶೋಧನಾ ಸಂಸ್ಥೆ ಕುಳಿತು ಲೆಕ್ಕ ಹಾಕಿದಾಗ 2021–22ಕ್ಕೆ ಬಂದ ಉತ್ತರ ಶೇ. 7.8ರಿಂದ 8.9. ಹಾಗೆಂದ ಮಾತ್ರಕ್ಕೆ ರಾತ್ರಿ ಬೆಳಗಾಗುವುದರಲ್ಲಿ ರಸ್ತೆಗಳು ಸುಧಾರಿಸಿರಲಿಲ್ಲ. ಅಷ್ಟು ದಿನ ಯಾರೂ ಸರಿಯಾಗಿ ಎಣಿಸಿರಲಿಲ್ಲ.

ನಿಮ್ಮದು ಅಂಗಡಿಯೋ, ರೈಸ್‌ ಮಿಲ್ಲೋ, ಪೀಣ್ಯದ ಸಣ್ಣ ಶೆಡ್ಡೋ ಆಗಿದ್ದರೆ, ಸಾಫ್ಟ್‌ವೇರ್ ಕೊಳ್ಳುವ ಮೊದಲು ನೂರು ಪುಟದ ಒಂದು ನೋಟ್‌ಬುಕ್ಕು ತಂದು ಗೇಟಿನ ವಾಚ್‌ಮನ್ ಕೈಗೆ ಕೊಡಿ. ಬಂದ ಪ್ರತಿ ಗಾಡಿಗೂ ಮೂರು ಸಂಗತಿ ಬರೆಯಲಿ: ಬರುತ್ತೇನೆ ಎಂದು ಹೇಳಿದ್ದ ದಿನ, ನಿಜಕ್ಕೂ ಬಂದ ದಿನ ಮತ್ತು ಗಂಟೆ, ಇಳಿಸಿ ಹೊರಟ ಗಂಟೆ. ಒಂದು ತಿಂಗಳು ಬರೆಸಿ. ಮೊದಲೆರಡು ಕಾಲಮ್ಮುಗಳ ನಡುವಿನ ಅಂತರ ದಿನದಿಂದ ದಿನಕ್ಕೆ ಎಷ್ಟು ಕುಣಿಯುತ್ತದೆ ಎಂಬುದೇ ನಿಮ್ಮ ತ್ರಿಭುಜದ ದೊಡ್ಡ ಬಾಹು. ಮುಂದಿನ ಸಲ ಟ್ರಾನ್ಸ್‌ಪೋರ್ಟಿನವನ ಜೊತೆ ಚೌಕಾಸಿಗೆ ಕೂತಾಗ ಆ ಪುಸ್ತಕ ಮೇಜಿನ ಮೇಲಿರಲಿ. ಮೂರನೆಯ ಕಾಲಮ್ಮು ನೋಡಿ ಅವನೂ ನಿಮಗೆ ನಾಲ್ಕು ಮಾತು ಹೇಳಬಹುದು, ಅದನ್ನೂ ಬರೆದುಕೊಳ್ಳಿ.